ಗಸಿ ಬಿಡಿಸುವ ನಿಧಾನಪ್ಪ

ಬೆಳಗಿನ ಜಾವದ ಮಂಜು ಇನ್ನೂ ಬೀದಿ ಬಿಟ್ಟು ಎದ್ದಿಲ್ಲ. ಎದುರಿನ ಗೋಡೆ ಕಾಣುತ್ತಿಲ್ಲ. ಗೋಡೆಯಾಚೆ ಯಾರೋ ಕೆಮ್ಮುವುದು ಮಾತ್ರ ಕೇಳುತ್ತದೆ. ಇಂಥ ಚಳಿಯಲ್ಲಿ ಎಣ್ಣೆಗೂ ಮೈ ಬಗ್ಗುವುದಿಲ್ಲ. ತಗಡಿನ ಶೆಡ್ಡಿನಲ್ಲಿ, ಹಳೆಯ ಕಾರೊಂದರ ಕೆಳಗೆ ಗೋಣಿತಟ್ಟು ಹಾಸಿ ಅಂಗಾತ ಮಲಗಿರುವವರಿಗೆ ಅದು ಗೊತ್ತು. ಅದಕ್ಕೇ ಎಂಜಿನನ್ನು ಮೊದಲು ಒಂದಿಷ್ಟು ಹೊತ್ತು ಓಡಿಸಿ ಬೆಚ್ಚಗೆ ಮಾಡಿಕೊಂಡಿದ್ದಾರೆ. ಎಣ್ಣೆ ಇಳಿಸುವ ಡ್ರೇನ್ ನಟ್ಟಿನ ಕೊನೆಯ ಸುತ್ತನ್ನು ಬೆರಳಲ್ಲೇ ಬಿಡಿಸಿ, ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕಪ್ಪು ಎಣ್ಣೆ ತಟ್ಟೆಗೆ ಬೀಳುತ್ತದೆ. ಮೊದಲು ಧಾರೆಯಾಗಿ, ಆಮೇಲೆ ನೂಲಿನಂತೆ, ಆಮೇಲೆ ಹನಿಹನಿಯಾಗಿ. ಕಡೆಯ ಹನಿ ಬೀಳುವವರೆಗೂ ಅವರು ಕಾರಿನಡಿಯಿಂದ ಹೊರಗೆ ಬರುವುದಿಲ್ಲ.

ಬೀದಿಯವರು ಇವರಿಗೆ ಇಟ್ಟ ಹೆಸರು ನಿಧಾನಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. "ಆ ಹೆಸರು ಹಿಡಿದು ಕೂಗಿದ್ರೆ ಪಕ್ಕದವರು ತಿರುಗಿ ನೋಡ್ತಾರೆ, ಇವರು ನೋಡಲ್ಲ," ಎನ್ನುತ್ತಾರೆ ಅವರ ಹೆಂಡತಿ. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅವರು ಕಾರುಗಳ ಸೀಟಿಗೆ ಕವರು ಹೊಲಿಯುತ್ತಾರೆ. ಗಂಡ ಗಾಡಿಯ ಹೊಟ್ಟೆ ನೋಡಿದರೆ, ಹೆಂಡತಿ ಅದಕ್ಕೆ ಬಟ್ಟೆ ತೊಡಿಸುತ್ತಾರೆ.

ನಿಧಾನಪ್ಪನವರು ಮಾಡುವುದು ಒಂದೇ ಕೆಲಸ: ಎಂಜಿನ್ನಿನ ಗಸಿ ಬಿಡಿಸುವುದು. ಕಾಲಕಾಲಕ್ಕೆ ಎಣ್ಣೆ ಬದಲಿಸದೆ ಓಡಿಸಿದ ಗಾಡಿಯಲ್ಲಿ ಆ ಎಣ್ಣೆ ಬೆಂದು, ಕರಕಲಾಗಿ, ಡಾಂಬರಿನ ಹಾಗೆ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಅದನ್ನು ಕರಗಿಸಲು ಎಣ್ಣೆಗೆ ಬೆರೆಸುವ ದ್ರವಗಳು ಅಂಗಡಿಯಲ್ಲಿ ಸಿಗುತ್ತವೆ. ಬೀದಿಯವರ ಬಾಯಲ್ಲಿ ಅದು 'ಔಷಧಿ'. ಬೆಚ್ಚಗಿನ ಹಳೆ ಎಣ್ಣೆಗೆ ಔಷಧಿ ಸುರಿದು, ಗಾಡಿಯನ್ನು ನಿಂತಲ್ಲೇ ಕಾಲು ಗಂಟೆ ಮೆಲ್ಲಗೆ ಓಡಿಸಿ, ಎಲ್ಲವನ್ನೂ ಇಳಿಸಿ, ಫಿಲ್ಟರು ಬದಲಿಸಿ, ಹೊಸ ಎಣ್ಣೆ ತುಂಬಬೇಕು. ಕೇಳಲು ಇಷ್ಟೇ. ಔಷಧಿ ಎಷ್ಟು ಹಾಕಬೇಕು, ಯಾವ ಗಾಡಿಗೆ ಹಾಕಲೇಬಾರದು ಎಂಬುದರಲ್ಲಿ ಅವರ ಆಯುಷ್ಯ ಕಳೆದಿದೆ.

ಅವರು ಕಾರಿನಡಿಯಿಂದ ಎದ್ದು ಕೈ ಒರೆಸಿಕೊಳ್ಳುವಷ್ಟರಲ್ಲಿ, ಇಳಿಜಾರಿನ ಬೀದಿಯಲ್ಲಿ ಮಂಜನ್ನು ಸೀಳಿಕೊಂಡು ಒಂದು ವ್ಯಾನು ಉರುಳಿ ಬರುತ್ತದೆ. ಸದ್ದೇ ಇಲ್ಲ. ಎಂಜಿನ್ ಆಫ್ ಆಗಿದೆ. ಸ್ಟೀರಿಂಗ್ ಹಿಡಿದಿರುವ ಹೆಂಗಸು ಈ ಬೀದಿಗೆಲ್ಲ ಪರಿಚಿತರು. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗಳನ್ನು ಬೆಳಗಾಗುತ್ತಲೇ ಮನೆಗಳಿಂದ ಹತ್ತಿಸಿಕೊಂಡು ಆಸ್ಪತ್ರೆಗೆ ಬಿಟ್ಟು, ಮುಗಿದ ಮೇಲೆ ಮನೆ ಮುಟ್ಟಿಸುತ್ತಾರೆ. ಎಲ್ಲರ ಬಾಯಲ್ಲೂ ವ್ಯಾನಕ್ಕ. ಪಕ್ಕದ ಸೀಟಿನಲ್ಲಿ ಕಿವಿ ಮುಚ್ಚುವ ಟೋಪಿ ಹಾಕಿಕೊಂಡ ಒಬ್ಬ ತಾತ ಕುಳಿತಿದ್ದಾರೆ. ಆ ದಿನ ಅವರು ಹತ್ತಿಸಿಕೊಂಡ ಮೊದಲ ರೋಗಿ.

"ಅಣ್ಣ, ಮೀಟರಲ್ಲಿ ಎಣ್ಣೆಯ ಕೆಂಪು ದೀಪ ಹತ್ಕೊಳ್ತು. ತಕ್ಷಣ ಆಫ್ ಮಾಡಿ ಇಳಿಜಾರಲ್ಲಿ ಬಿಟ್ಕೊಂಡು ಬಂದೆ."

"ಆಫ್ ಮಾಡಿದ್ದು ಪುಣ್ಯ," ಎಂದು ನಿಧಾನಪ್ಪನವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಕ್ಷಣಕಾಲ ಕಣ್ಣು ಮುಚ್ಚುತ್ತಾರೆ. ಯಾವ ಗಾಡಿ ಬಂದರೂ ಮೊದಲು ಹೀಗೆಯೇ. ಕೇಳಿದರೆ, "ಒಳಗೆ ಏನಿದೆಯೋ ದೇವರಿಗೆ ಮೊದಲೇ ಗೊತ್ತಲ್ಲ, ಅದಕ್ಕೆ ಅವನಿಗೆ ಹೇಳ್ಬಿಟ್ಟು ಶುರು ಮಾಡ್ತೀನಿ," ಎನ್ನುತ್ತಾರೆ.

ಎಣ್ಣೆಯ ಮುಚ್ಚಳ ಬಿಚ್ಚಿದರೆ ಅದರ ಒಳಮೈಗೆ ಕಪ್ಪು ಮುದ್ದೆ ಅಂಟಿಕೊಂಡಿದೆ. ಅವರು ಮೂಗಿನ ಹತ್ತಿರ ಹಿಡಿದು ಮೂಸಿ ನೋಡುತ್ತಾರೆ.

"ಔಷಧಿ ಹಾಕಿದ್ರಾ ಅಮ್ಮ?"

"ಹಾಕಿದೆ. ಒಂದು ವಾರ ಆಯ್ತು. ಎಂಜಿನ್ನು ಕಟಕಟ ಅಂತಿತ್ತು. ಅಂಗಡಿಯವನು ಕೊಟ್ಟ, ನಾನೇ ಸುರಿದೆ."

"ಯಾವಾಗ ಇಳಿಸಿದ್ರಿ?"

"ಇಳಿಸೋದಾ?" ವ್ಯಾನಕ್ಕ ಹುಬ್ಬು ಗಂಟಿಕ್ಕುತ್ತಾರೆ. "ಅಷ್ಟು ಒಳ್ಳೆ ಔಷಧಿ, ಒಳಗೇ ಇದ್ದು ಕೆಲಸ ಮಾಡ್ಲಿ ಅಂತ ಬಿಟ್ಟೆ. ಟಾನಿಕ್ ಕುಡಿದವರು ಉಗೀತಾರಾ?"

ಹೊಲಿಗೆ ಯಂತ್ರ ನಿಲ್ಲುತ್ತದೆ. ನಿಧಾನಪ್ಪನವರ ಹೆಂಡತಿ ನಗು ತಡೆಯಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಾರೆ. ನಿಧಾನಪ್ಪನವರು ನಗುವುದಿಲ್ಲ. ವಾರವಿಡೀ ಆ ದ್ರವ ಒಳಗೋಡೆಯ ಗಸಿಯನ್ನು ಚೂರುಚೂರಾಗಿ ಎಬ್ಬಿಸಿದೆ. ಎದ್ದ ಚೂರುಗಳೆಲ್ಲ ತಳಕ್ಕಿಳಿದು, ಎಣ್ಣೆ ಹೀರುವ ಕೊಳವೆಯ ಬಾಯಲ್ಲಿರುವ ಜಾಲರಿಗೆ ಮೆತ್ತಿಕೊಂಡಿವೆ. ತಳದಲ್ಲಿ ಎಣ್ಣೆಯಿದೆ, ಮೇಲಕ್ಕೆ ಏರುತ್ತಿಲ್ಲ. ಹಾಗೇ ಇನ್ನೊಂದು ಮೈಲಿ ಓಡಿಸಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿ, ಎಂಜಿನ್ ಗುಜರಿಗೆ ಹೋಗಬೇಕಿತ್ತು.

"ತಳ ಬಿಚ್ಚಿ ಜಾಲರಿ ತೊಳೀಬೇಕು. ಮೇಲಿನ ಮುಚ್ಚಳ ತೆಗೆದು ಕೈಯಲ್ಲೇ ಕೆರೀಬೇಕು. ಆಮೇಲೆ ಒಂದು ಸಲ ತೆಳು ಎಣ್ಣೆ, ಚೂರೇ ಚೂರು ಔಷಧಿ. ಓಡಿಸು, ಇಳಿಸು, ಮತ್ತೆ ತಳ ಬಿಚ್ಚಿ ನೋಡು. ಮೂರ್ನಾಲ್ಕು ದಿನ ಹಿಡಿಯುತ್ತೆ. ಉಳಿಯುತ್ತೆ ಅಂತ ಮಾತು ಕೊಡಲ್ಲ."

ವ್ಯಾನಕ್ಕನ ಮುಖ ಕಪ್ಪಿಡುತ್ತದೆ. "ಮೂರ್ನಾಲ್ಕು ದಿನಾನಾ? ಈಗ ಇಬ್ಬರು ಮನೆ ಬಾಗಿಲಲ್ಲಿ ಬ್ಯಾಗ್ ಹಿಡ್ಕೊಂಡು ನಿಂತಿದ್ದಾರೆ ಅಣ್ಣ. ಒಂದು ಸರದಿ ತಪ್ಪಿದ್ರೆ ಮೈಯೆಲ್ಲ ನೀರು ತುಂಬ್ಕೊಳ್ಳುತ್ತೆ ಅವರಿಗೆ. ಬೀದಿ ಕೊನೆಯ ಗ್ಯಾರೇಜಿನವನು ಎರಡು ಬಾಟ್ಲಿ ಹಾಕಿ ಚೆನ್ನಾಗಿ ರೇಸ್ ಮಾಡಿದ್ರೆ ಒಂದು ಗಂಟೇಲಿ ಎಲ್ಲ ಕೊಚ್ಕೊಂಡು ಹೋಗುತ್ತೆ ಅಂತಾನೆ. ಹಗ್ಗ ಇದ್ರೆ ಕೊಡಿ, ಅಲ್ಲಿಗೆ ಎಳೆಸ್ಕೊಂಡು ಹೋಗ್ತೀನಿ."

"ಹಗ್ಗ ಇದೆ. ಕೊಡೋಕೆ ಮನಸ್ಸಿಲ್ಲ."

"ನಿಮ್ಮ ಮನಸ್ಸು ಕಟ್ಕೊಂಡು ನಾನೇನು ಮಾಡ್ಲಿ?"

ಅಷ್ಟರಲ್ಲಿ ವ್ಯಾನಿನ ಕಿಟಕಿ ಗಾಜು ಕೆಳಗಿಳಿಯುತ್ತದೆ. ತಾತ ಟೋಪಿಯನ್ನು ಕಿವಿಯಿಂದ ಸರಿಸಿ ತಲೆ ಹೊರಗೆ ಹಾಕುತ್ತಾರೆ. "ಲೇ ಮಗಳೇ, ಸ್ವಲ್ಪ ಕೇಳು. ಮೊದಮೊದಲು ನಾನೂ ನರ್ಸಮ್ಮನ ತಲೆ ತಿಂತಿದ್ದೆ. ಆ ಮೆಷಿನ್ನು ಒಂಚೂರು ಜೋರಾಗಿ ತಿರುಗಿಸಮ್ಮ, ರಕ್ತ ಬೇಗ ತೊಳೆದುಬಿಡು, ಮನೆಗೆ ಹೋಗ್ತೀನಿ ಅಂತ. ಅವಳೇನಂದ್ಲು ಗೊತ್ತಾ? ತಾತ, ಜೋರಾಗಿ ತಿರುಗಿಸಿದ್ರೆ ನೀವು ಮನೆಗೆ ಹೋಗಲ್ಲ, ಬೇರೆ ಕಡೆಗೇ ಹೋಗ್ತೀರಿ ಅಂದ್ಲು."

ವ್ಯಾನಕ್ಕ ತಾತನನ್ನು ನೋಡುತ್ತಾರೆ. ತಾತ ಗಾಜು ಏರಿಸಿಕೊಂಡು, ತಮ್ಮ ಕೆಲಸ ಮುಗಿಯಿತೆಂಬಂತೆ ಟೋಪಿ ಸರಿಮಾಡಿಕೊಳ್ಳುತ್ತಾರೆ.

ನಿಧಾನಪ್ಪನವರು ಶೆಡ್ಡಿನ ಹಿಂದಕ್ಕೆ ಹೋಗಿ ತಮ್ಮ ಸ್ವಂತದ ಕಾರನ್ನು ಹೊರಗೆ ತರುತ್ತಾರೆ. ಮನೆಯವರನ್ನು ಬಿಟ್ಟು ಇನ್ನೊಬ್ಬರ ಕೈಗೆ ಆ ಗಾಡಿ ಹೋದದ್ದೇ ಇಲ್ಲ. ಅಳಿಯ ಕೇಳಿದಾಗಲೂ ಏನೋ ನೆಪ ಹೇಳಿ ಜಾರಿಕೊಂಡಿದ್ದರು. "ಇದು ಚಿಕ್ಕದು, ಆದರೂ ನಾಲ್ಕು ಜನ ಹಿಡಿಸ್ತಾರೆ. ಬ್ರೇಕು ಚೂರು ಒತ್ತಿದ್ರೇ ಹಿಡಿಯುತ್ತೆ, ನೋಡ್ಕೊಳ್ಳಿ," ಎಂದು ಬೀಗದಕೈ ವ್ಯಾನಕ್ಕನ ಅಂಗೈಗಿಡುತ್ತಾರೆ. ತಾತನ ಕೈ ಹಿಡಿದು ಇಳಿಸಿ, ಕಾರಿಗೆ ಕೂರಿಸುತ್ತಾರೆ. ಕಾರು ಮಂಜಿನಲ್ಲಿ ಮರೆಯಾಗುವವರೆಗೆ ಅದರ ಸದ್ದನ್ನು ಕಿವಿಗೊಟ್ಟು ಕೇಳುತ್ತಾರೆ. "ಎರಡನೇ ಗೇರಲ್ಲೇ ಎಳೀತಿದ್ದಾಳೆ," ಎಂದು ಗೊಣಗುತ್ತಾರೆ. "ಗಾಡಿ ಕೊಟ್ಟ ಮೇಲೆ ಕಿವೀನ ಮನೆಗೆ ಕರ್ಕೊಂಡು ಬನ್ನಿ," ಎನ್ನುತ್ತಾರೆ ಹೆಂಡತಿ.

ನಿಧಾನಪ್ಪನವರು ಈ ಕಸುಬು ಕಲಿತದ್ದು ದೊಡ್ಡದೊಂದು ವರ್ಕ್‌ಶಾಪಿನಲ್ಲಿ. ಅಲ್ಲಿ ಬಂದ ಗಾಡಿಗೆಲ್ಲ ಬೇಕಿರಲಿ ಬೇಡವಿರಲಿ ಒಂದು ಬಾಟಲಿ ಔಷಧಿ ಸುರಿಯುವುದು ಪದ್ಧತಿ. ಸುರಿ, ಓಡಿಸು, ಕಳಿಸು. ಒಂದು ಮಧ್ಯಾಹ್ನ ಅವರು ಹಾಗೆ ಕಳಿಸಿದ ಕಾರೊಂದು ಗೇಟು ದಾಟುವ ಮೊದಲೇ ಒಮ್ಮೆ ನರಳಿ ನಿಂತಿತು. ಒಳಗಿದ್ದ ಮಗು ಟಾಟಾ ಮಾಡುತ್ತಿದ್ದ ಕೈಯನ್ನು ಹಾಗೇ ಎತ್ತಿ ಹಿಡಿದಿತ್ತು. "ಆ ನರಳಿದ ಸದ್ದು ಇವತ್ತಿಗೂ ಕೇಳುತ್ತೆ," ಎನ್ನುತ್ತಾರೆ. ಅದಾದ ಮೇಲೆ ಅವರ ಕೈ ನಿಧಾನವಾಯಿತು. ನಿಧಾನವಾದವರನ್ನು ವರ್ಕ್‌ಶಾಪು ಇಟ್ಟುಕೊಳ್ಳಲಿಲ್ಲ.

ಈಗ ವಾರಕ್ಕೆ ಮೂರೋ ನಾಲ್ಕೋ ಗಾಡಿ. ತಲೆಯ ಮೇಲೆ ನಿಂತು ಬೇಗ ಬೇಗ ಎನ್ನುವವರು ಅರ್ಧಕ್ಕೇ ಬೇರೆ ಕಡೆ ಹೋಗುತ್ತಾರೆ. ಹಳೆ ಎಣ್ಣೆಯಲ್ಲಿ ನೆನೆದು ನೆನೆದು ಅಂಗೈ ಚರ್ಮ ಸೀಳು ಬಿಟ್ಟಿದೆ. ರಾತ್ರಿ ಊಟದ ತಟ್ಟೆಯ ಮುಂದೆ ಉಪ್ಪು ತಾಗಿದರೆ ಮುಖ ಹಿಂಡುತ್ತಾರೆ. ಹೆಂಡತಿ ಚಮಚ ತಂದಿಡುತ್ತಾರೆ. ಇಳಿಸಿದ ಎಣ್ಣೆಯ ಒಂದು ಹನಿಯೂ ಚರಂಡಿಗೆ ಹೋಗುವಂತಿಲ್ಲ. ಎಲ್ಲವೂ ಮೂಲೆಯ ಪೀಪಾಯಿಗೆ. ಅದು ತುಂಬಿದಾಗ ಹಳೆ ಎಣ್ಣೆ ಕೊಳ್ಳುವವನು ಬಂದು ಒಯ್ಯುತ್ತಾನೆ. "ಒಂದು ಎಂಜಿನ್ ತೊಳೆದು ಬೀದಿಗೆಲ್ಲ ಗಸಿ ಹಚ್ಚಿದ್ರೆ ಏನು ಬಂತು," ಎಂಬುದು ಅವರ ಮಾತು.

ಮೊದಲ ದಿನ ಅವರು ವ್ಯಾನಿನ ತಳ ಬಿಚ್ಚಿ, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾರೆ. ಮೇಲಿನ ಮುಚ್ಚಳ ತೆಗೆದು ಮರದ ಚಕ್ಕೆಯಿಂದ ಗಸಿ ಕೆರೆಯುತ್ತಾರೆ. ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದೆ. ಎರಡನೆಯ ದಿನ ತೆಳು ಎಣ್ಣೆ ತುಂಬಿ ಸ್ಟಾರ್ಟ್ ಮಾಡಿದರೆ ದೀಪ ಆರುತ್ತದೆ. ಎಂಜಿನ್ ಬಿಸಿಯಾಗುತ್ತಲೇ ಮತ್ತೆ ಕೆಂಪಗೆ ಹೊತ್ತಿಕೊಳ್ಳುತ್ತದೆ. ಅವರು ಆಫ್ ಮಾಡಿ, ಬಹಳ ಹೊತ್ತು ಸೀಟಿನಲ್ಲೇ ಕುಳಿತಿರುತ್ತಾರೆ. ಒಳಗಿನ ಬೇರಿಂಗುಗಳೇ ಸವೆದಿದ್ದರೆ ಯಾವ ಔಷಧಿಯೂ ನಾಟುವುದಿಲ್ಲ.

ಸಂಜೆ ರೋಗಿಗಳನ್ನು ಮನೆ ಮುಟ್ಟಿಸಿ ಬಂದ ವ್ಯಾನಕ್ಕ ಕೇಳುತ್ತಾರೆ: "ಮುಖ ಯಾಕೆ ಹಂಗಿದೆ ಅಣ್ಣ? ನಿಜ ಹೇಳಿ. ಈ ಗಾಡಿ ಹೋದ್ರೆ ಇನ್ನೊಂದು ತರೋ ಶಕ್ತಿ ನನಗಿಲ್ಲ. ಅವರೆಲ್ಲ ಬೇರೆ ದಾರಿ ನೋಡ್ಕೋಬೇಕು."

"ನಾಳೆ ಇನ್ನೊಂದು ಸಲ ತಳ ಬಿಚ್ಚುತ್ತೀನಿ. ಜಾಲರೀಲಿ ಚೂರು ಸಿಕ್ಕಿದ್ರೆ ಆಸೆ ಇದೆ. ಜಾಲರಿ ಕ್ಲೀನಾಗಿದ್ರೆ ಬೇರಿಂಗೇ ಸವೆದಿದೆ ಅಂತ."

"ಯಾವತ್ತೂ ಕೊಳೆ ಸಿಗ್ಲಿ ಅಂತ ದೇವರನ್ನ ಬೇಡ್ಕೊಂಡಿರ್ಲಿಲ್ಲ," ಎನ್ನುತ್ತಾರೆ ವ್ಯಾನಕ್ಕ. "ಇವತ್ತು ಅದೂ ಆಗ್ಲಿ."

ಮರುದಿನ ಜಾಲರಿಯ ತುಂಬ ಕಪ್ಪು ಹೊಟ್ಟಿನಂಥ ಚೂರುಗಳು. ನಿಧಾನಪ್ಪನವರು ಅದನ್ನು ಬೆಳಕಿಗೆ ಹಿಡಿದು ಹೆಂಡತಿಗೆ ತೋರಿಸುತ್ತಾರೆ. "ಬಂಗಾರ ಸಿಕ್ಕವರ ಹಂಗೆ ಆಡ್ತಿದ್ದೀರಲ್ಲ," ಎಂದು ಅವರು ಬೈದರೂ, ಎದ್ದು ಬಂದು ನೋಡುತ್ತಾರೆ. ಮತ್ತೆ ತೊಳೆಯುವುದು, ತುಂಬುವುದು, ಓಡಿಸುವುದು, ಇಳಿಸುವುದು. ಪ್ರತಿ ಸಲ ಇಳಿದ ಎಣ್ಣೆಯ ಒಂದು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಬಿಡುತ್ತಾರೆ. ಕಪ್ಪು ಕಂದಾಗುತ್ತದೆ. ಕಂದು ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಈ ಕೆಲಸದಲ್ಲಿ ಅವರ ಆಸೆಯೇನು ಎಂದು ಕೇಳಿದರೆ, ಬಟ್ಟೆಯ ಮೇಲಿನ ಆ ಹನಿಯನ್ನೇ ನೋಡುತ್ತ ಹೇಳುತ್ತಾರೆ: "ಎಣ್ಣೆ ಕಪ್ಪಾಗೋ ಮುಂಚೆ ಬರ್ಲಿ ಜನ. ಕಂದು ಬಣ್ಣದಲ್ಲಿದ್ದಾಗಲೇ ಬದಲಿಸಿದ್ರೆ ಗಸಿಯೇ ಕಟ್ಟಲ್ಲ. ಆಗ ನನಗೆ ಕೆಲಸ ಇರಲ್ಲ. ಇಲ್ಲದಿದ್ರೆ ಬೇಡ, ನಮ್ಮನೆಯವಳ ಸೀಟು ಕವರಿಗೆ ದಾರ ಪೋಣಿಸಿ ಕೊಡ್ತೀನಿ."

"ಸೂಜಿ ಕಣ್ಣು ಕಾಣ್ಬೇಕಲ್ಲ," ಎಂದು ಮೂಲೆಯಿಂದ ಉತ್ತರ ಬರುತ್ತದೆ.

ನಾಲ್ಕನೆಯ ಸಂಜೆ ವ್ಯಾನಕ್ಕ ಬಂದಾಗ ವ್ಯಾನು ಶೆಡ್ಡಿನ ಹೊರಗೆ ನಿಂತಿದೆ. ನಿಧಾನಪ್ಪನವರು ಬಾಗಿಲು ತೆರೆದು, ಕೂತು ನೋಡಿ ಎಂಬಂತೆ ಕೈ ಮಾಡುತ್ತಾರೆ. ಎಂಜಿನ್ ಆಗಲೇ ಬಿಸಿಯಾಗಿದೆ. ವ್ಯಾನಕ್ಕ ಸ್ಟಾರ್ಟ್ ಮಾಡುತ್ತಾರೆ. ಕೆಂಪು ದೀಪ ಹೊತ್ತಿಕೊಂಡು, ಆರುತ್ತದೆ. ಆರಿಯೇ ಇರುತ್ತದೆ. ಇಬ್ಬರೂ ಆ ದೀಪ ಇದ್ದ ಜಾಗವನ್ನೇ ನೋಡುತ್ತಾರೆ. ಕಟಕಟ ಸದ್ದು ಪೂರ್ತಿ ಹೋಗಿಲ್ಲ, ದೂರದಲ್ಲಿ ಯಾರೋ ಎಲೆ ತುಳಿದಷ್ಟು ಉಳಿದಿದೆ.

"ಅದು ವಯಸ್ಸಿನದು," ಎನ್ನುತ್ತಾರೆ ನಿಧಾನಪ್ಪನವರು. "ಅದನ್ನ ಬಿಡಿಸೋಕೆ ನನ್ನ ಕೈಲಿ ಆಗಲ್ಲ. ಮುಂದಿನ ತಿಂಗಳು ಎಣ್ಣೆ ಬದಲಿಸೋಕೆ ಬನ್ನಿ. ಔಷಧಿ ಅಂಗಡಿ ಕಡೆ ಮಾತ್ರ ತಲೆ ಹಾಕ್ಬೇಡಿ."

ವ್ಯಾನಕ್ಕ ಕಣ್ಣೊರೆಸಿಕೊಂಡು ಇಳಿಯುತ್ತಾರೆ. ಕಾರಿನಿಂದ ರೋಗಿಗಳ ದಿಂಬು, ಹೊದಿಕೆ, ನೀರಿನ ಬಾಟಲಿಗಳನ್ನು ಒಂದೊಂದಾಗಿ ವ್ಯಾನಿಗೆ ಸಾಗಿಸುತ್ತಾರೆ. ಹಿಂದಿನ ಸೀಟನ್ನು ಕೈಯಿಂದ ಜಾಡಿಸುತ್ತಾರೆ. ಸೆರಗಿನ ತುದಿಯಿಂದ ಸ್ಟೀರಿಂಗನ್ನು ಸುತ್ತಲೂ ಒರೆಸುತ್ತಾರೆ. ಕಾರಿನ ಬಾಗಿಲನ್ನು, ಒಳಗೆ ಯಾರೋ ನಿದ್ದೆ ಮಾಡುತ್ತಿರುವಂತೆ ಸದ್ದಾಗದ ಹಾಗೆ ಮುಚ್ಚುತ್ತಾರೆ. ನಿಧಾನಪ್ಪನವರ ಮುಂದೆ ಬಂದು, ಕಾರಿನ ಬೀಗದಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಸೀಳುಬಿಟ್ಟ ಅಂಗೈಗೆ ಇಡುತ್ತಾರೆ.