ಸುಡದ ಬಟ್ಟೆ

ಸಾಸಲು ಹೋಬಳಿಯ ಆ ಊರಿನಲ್ಲಿ ಹುಟ್ಟಿದ ಮಕ್ಕಳನ್ನು ಹೆತ್ತವಳಿಗಿಂತ ಮೊದಲು ಮುಟ್ಟುತ್ತಿದ್ದವಳು ಸೂಲಗಿತ್ತಿ ಸೊಣ್ಣಮ್ಮ. ಇಂತಿಷ್ಟು ಕೊಡಿ ಎಂದು ಕೇಳಿದವಳಲ್ಲ. ಒಂದು ಮೊರ ರಾಗಿ, ಒಂದು ಕುಪ್ಪಸದ ಬಟ್ಟೆ, ಎಲೆಅಡಿಕೆ ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ಆದರೆ ಬಾಯಿ ಮಾತ್ರ ಕತ್ತಿ. ಉಳಿಯುವ ಕೂಸಾದರೆ ಉಳಿಯುತ್ತೆ ಅನ್ನುವಳು. ಉಳಿಯದ ಕೂಸಾದರೆ, “ಆಸೆ ಮಡಿಕ್ಕೋಬ್ಯಾಡ ಕಣವ್ವ” ಎಂದು ಹೆತ್ತವಳ ಮುಖದ ಮೇಲೇ ಹೇಳಿಬಿಡುವಳು. ಯಾರಾದರೂ ಅಷ್ಟು ನಿಷ್ಠುರ ಬೇಡ ಅಂದರೆ, “ಸುಳ್ಳು ಹೇಳಿ ತೊಟ್ಲು ಕಟ್ಟಿಸ್ಲಾ?” ಎಂದು ತಿರುಗಿಬೀಳುವಳು. ಊರ ಹೆಂಗಸರಿಗೆ ಆ ಬಾಯಿ ಕಂಡರೆ ಹೆದರಿಕೆ. ಆ ಬಾಯಿಂದ ಸುಳ್ಳು ಬಂದದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವಳ ಹತ್ತಿರ ಇನ್ನೊಂದು ಆಸ್ತಿ ಇತ್ತು, ಸುಡದ ಬಟ್ಟೆ.

ಅದು ಬಂದದ್ದು ಗಂಡ ಆಂಜಿನಪ್ಪನಿಂದ. ಆಂಜಿನಪ್ಪ ಮದುವೆಗೆ ಮುಂಚಿನಿಂದಲೂ ಬೆಂಗಳೂರಿನ ಒಂದು ಮಿಲ್ಲಿನಲ್ಲಿ ಬಾಯ್ಲರ್ ಮನೆಯ ಕೆಲಸಕ್ಕಿದ್ದ. ಕಾದ ಹಬೆ ಹೋಗುವ ಕೊಳವೆಗಳಿಗೆ ಬಿಳಿಯ ನಾರನ್ನು ಕಲಸಿ ಮೆತ್ತಬೇಕು, ಮೇಲೆ ಅದೇ ನಾರಿನ ಬಟ್ಟೆ ಸುತ್ತಬೇಕು, ಹಳೆಯದಾದರೆ ಕಿತ್ತು ಹೊಸದು ಹಾಕಬೇಕು. ಕಲ್ಲಿನಿಂದ ತೆಗೆದ ನಾರಂತೆ, ಕಲ್ನಾರು. ಸೋಮವಾರ ದೊಡ್ಡಬಳ್ಳಾಪುರಕ್ಕೆ ನಡೆದು ರೈಲು ಹತ್ತಿದರೆ ಶನಿವಾರ ವಾಪಸು. ಬರುವಾಗ ತಲೆ, ಹುಬ್ಬು, ಅಂಗಿ ಎಲ್ಲಾ ಬೆಳ್ಳಗೆ. “ಏನಪ್ಪಾ, ರಾಗಿ ಮಿಷನ್ನಿನಿಂದ ಬಂದಂಗೆ ಬಂದಿದ್ದೀಯ” ಎಂದು ಸೊಣ್ಣಮ್ಮ ನಗುತ್ತ ಅವನ ಅಂಗಿ ಚಡ್ಡಿಗಳನ್ನು ಅಂಗಳದಲ್ಲಿ ಪಟಪಟನೆ ಕೊಡವಿ, ಆಮೇಲೆ ಕಲ್ಲಿನ ಮೇಲೆ ಒಗೆಯುವಳು. ಹದಿನಾರು ವರ್ಷ, ವಾರಕ್ಕೊಮ್ಮೆ ತಪ್ಪದೆ ಕೊಡವಿದಳು. ಬೆಳಕಿನಲ್ಲಿ ಧೂಳು ಮಿಣಮಿಣ ಅನ್ನುತ್ತಿತ್ತು. ನೋಡಲು ಚೆಂದವೇ ಇತ್ತು, ಹಾಳಾದ್ದು.

ಹಾಗೇ ಒಂದು ಶನಿವಾರ, ನಲವತ್ತೆಂಟನೇ ಇಸವಿಯಲ್ಲಿ, ಆಂಜಿನಪ್ಪ ಕಂಬಳಿಯಗಲದ ಬಟ್ಟೆಯೊಂದನ್ನು ಸುತ್ತಿಕೊಂಡು ಬಂದ. ಮಿಲ್ಲಿನವರು ಬಿಸಾಡಿದ್ದು. “ಒಲೆಗೆ ಹಾಕು ನೋಡಣ” ಅಂದ. ಹಾಕಿದಳು. ಕೆಂಪಗೆ ಕಾದು ಹೊರಗೆ ಬಂತು, ಒಂದೆಳೆಯೂ ಸುಟ್ಟಿರಲಿಲ್ಲ, ಮೊದಲಿಗಿಂತ ಬೆಳ್ಳಗಾಗಿತ್ತು. ನೆರೆಮನೆಯವರೆಲ್ಲ ಬಂದು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು.

ಸೊಣ್ಣಮ್ಮನ ತಲೆಗೆ ತಕ್ಷಣ ಹೊಳೆದದ್ದು ಬಾಣಂತಿ ಕೋಣೆ. ಹಗ್ಗದ ಮಂಚದ ಮೇಲೆ ಬಾಣಂತಿ, ಮಂಚದ ಕೆಳಗೆ ಕೆಂಡದ ಕುಂಪಟಿ, ಅದರಲ್ಲಿ ಬೆಳ್ಳುಳ್ಳಿ ಸಿಪ್ಪೆ ಓಮದ ಹೊಗೆ. ಶಾಖ ಚೆನ್ನಾಗಿ ಹತ್ತಬೇಕು, ಹಗ್ಗಕ್ಕೆ ಕಿಡಿ ಹಾರಬಾರದು. ಹಿಂದೆ ಒಬ್ಬ ಬಾಣಂತಿಯ ಬೆನ್ನು ಬೆಂದಿದ್ದನ್ನು ಅವಳೇ ಕಂಡಿದ್ದಳು. ಈ ಬಟ್ಟೆಯನ್ನು ಮಂಚಕ್ಕೆ ಹಾಸಿದರೆ ಆ ಭಯವಿಲ್ಲ. ಇನ್ನೂ ದೊಡ್ಡ ಅನುಕೂಲವೆಂದರೆ ಮೈಲಿಗೆಯದು. ಪುರುಡಿನ ಬಟ್ಟೆಯನ್ನು ಇನ್ನೊಂದು ಮನೆಯವರು ಮುಟ್ಟುತ್ತಾರೆಯೇ? ಇದನ್ನು ಹನ್ನೊಂದನೇ ದಿನ ಬೆಂಕಿಗೆ ಹಾಕಿ ತೆಗೆದು, ನಾಲ್ಕು ಸಲ ಕೊಡವಿದರೆ ಸೂತಕವೆಲ್ಲ ಸುಟ್ಟುಹೋಯಿತು, ಬಟ್ಟೆ ಮಡಿಯಾಯಿತು. ಮುಂದಿನ ಬಾಣಂತಿಗೆ ಸಿದ್ಧ. ಊರೂರಿಂದ ಕರೆ ಬಂತು. “ಸೊಣ್ಣಮ್ಮನ ಕೈಗುಣ, ಆಂಜಿನಪ್ಪನ ಬಟ್ಟೆ” ಎಂಬುದು ಆ ಸೀಮೆಯ ಬಸುರಿಯರ ಬಾಯಿಪಾಠವಾಯಿತು. ಎರಡು ವರ್ಷಕ್ಕೆ ತನಗೆ ಹುಟ್ಟಿದ ಒಬ್ಬಳೇ ಮಗಳು ಮುನಿರತ್ನಮ್ಮನನ್ನೂ ಅವಳು ಆ ಬಟ್ಟೆಯ ಮೇಲೇ ಮಗ್ಗುಲಲ್ಲಿ ಹಾಕಿಕೊಂಡು ಮಲಗಿದಳು.

ಆಂಜಿನಪ್ಪನಿಗೆ ಸಣ್ಣ ವಯಸ್ಸಿಗೇ ದಮ್ಮು ಹತ್ತಿತು. ನಾಲ್ಕು ಹೆಜ್ಜೆ ನಡೆದರೆ ಕೂರುತ್ತಿದ್ದ. ಐವತ್ತೊಂಬತ್ತನೇ ಇಸವಿಯಲ್ಲಿ ಹೋಗಿಬಿಟ್ಟ. ಬೀಡಿ ಸೇದಿ ಸತ್ತ ಅಂದರು ಜನ. ಎಲುಬಿಲ್ಲದ ನಾಲಿಗೆ, ಅನ್ನದೆ ಏನು ಮಾಡೀತು? ಅರವತ್ತರ ದಶಕವಿಡೀ ಸೊಣ್ಣಮ್ಮ ಒಬ್ಬಳೇ ಆ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆ ತಿರುಗಿದಳು, ಮಗಳನ್ನು ದಾಬಸ್‌ಪೇಟೆ ಹತ್ತಿರದ ಊರಿಗೆ ಕೊಟ್ಟಳು. ಊರವರ ಮಕ್ಕಳನ್ನೆಲ್ಲ ಎತ್ತಿದ ಕೈಗೆ ಸ್ವಂತ ಮೊಮ್ಮಗುವೊಂದು ಬರಲಿಲ್ಲ. ಮುನಿರತ್ನಮ್ಮನಿಗೆ ಎಂಟು ವರ್ಷ ಮಕ್ಕಳಾಗಲಿಲ್ಲ.

ಎಪ್ಪತ್ನಾಲ್ಕರಲ್ಲಿ ಮುನಿರತ್ನಮ್ಮ ಬಸುರಿಯಾದಳೆಂಬ ಸುದ್ದಿ ಬಂತು. ಅದೇ ಸಂಕ್ರಾಂತಿ ಹೊತ್ತಿಗೆ ಸೊಣ್ಣಮ್ಮನ ಬಲಪಕ್ಕೆಯಲ್ಲಿ ನೋವು ಶುರುವಾಯಿತು. ಮೊದಲು ಉಳುಕು ಅಂದುಕೊಂಡಳು. ಆಮೇಲೆ ಉಸಿರು ಕಟ್ಟತೊಡಗಿತು, ಒಣಕೆಮ್ಮು, ಮೈ ಇಳಿಯಿತು, ಕುಪ್ಪಸ ಜೋಲಿತು. ದೊಡ್ಡಬಳ್ಳಾಪುರದ ಡಾಕ್ಟರೊಬ್ಬರು ಎದೆಯಲ್ಲಿ ನೀರು ತುಂಬಿದೆ, ಟಿ.ಬಿ. ಇರಬೇಕು ಎಂದು ಮೂರು ತಿಂಗಳು ಸೂಜಿ ಹಾಕಿದರು. ಗುಣ ಕಾಣಲಿಲ್ಲ. ಟಿ.ಬಿ. ಅನ್ನುವ ಮಾತು ಮಾತ್ರ ಊರೆಲ್ಲ ಹರಡಿತು. ಸೊಣ್ಣಮ್ಮನ ಲೋಟ ಬೇರೆಯಾಯಿತು, ಹೆರಿಗೆಗೆ ಕರೆಯುವುದು ನಿಂತಿತು. ಮುನಿರತ್ನಮ್ಮನ ಅತ್ತೆ ಅಕ್ಕಯಮ್ಮ ಹೇಳಿಕಳಿಸಿದಳು: “ತೌರಿಗೆ ಕಳ್ಸಲ್ಲ. ಬಾಣಂತನ ನಾವೇ ಮಾಡ್ಕೋತೀವಿ.”

ಅವತ್ತು ಸೊಣ್ಣಮ್ಮ ಅತ್ತದ್ದನ್ನು ತಮ್ಮ ಚಿಕ್ಕವೆಂಕಟಪ್ಪ ಒಬ್ಬನೇ ಕಂಡ. “ಕಂಡೋರ ಮಕ್ಕಳನ್ನೆಲ್ಲ ಎತ್ತಿದ್ನಲ್ಲೋ. ನನ್ನ ಮೊಮ್ಮಗಾನ ಮುಟ್ಟಬಾರ್ದಾ ನಾನು?” ಎಂದಳು. ಆಮೇಲೆ ಮೂಗು ಒರೆಸಿಕೊಂಡು, ಗೂಟದ ಮೇಲಿನ ಬಟ್ಟೆಯನ್ನು ಇಳಿಸಿ, ಬೆಂಕಿಗೆ ಹಾಕಿ, ಚೆನ್ನಾಗಿ ಕೊಡವಿ, ತಮ್ಮನ ಕೈಗಿಟ್ಟಳು. “ನಾನಿಲ್ದಿದ್ರೂ ಇದಾದ್ರೂ ಇರ್ಲಿ. ಬೆಂಕೀಲಿ ತೆಗ್ದಿದ್ದೀನಿ, ಮೈಲಿಗೆ ಏನಿಲ್ಲ ಅಂತ ಹೇಳು.” ಮೈಲಿಗೆಯಿಲ್ಲದ ವಸ್ತು ಎಂದು ಅಕ್ಕಯಮ್ಮ ಬೇಡವೆನ್ನಲಿಲ್ಲ.

ಹೆರಿಗೆಯ ದಿನ ಹತ್ತಿರ ಬಂದಾಗ ಚಿಕ್ಕವೆಂಕಟಪ್ಪ ಅಕ್ಕನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ರಕ್ತ ಬೆರೆತ ನೀರು. ಒಳಗಿನ ಚೂರೊಂದನ್ನು ಕಿತ್ತು ಪರೀಕ್ಷೆಗೆ ಕಳಿಸಿದರು. ಹನ್ನೆರಡು ದಿನ ಕಳೆದ ಮೇಲೆ ಕನ್ನಡಕದ ಡಾಕ್ಟರೊಬ್ಬರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಒಳ್ಳೆಯ ಮನುಷ್ಯ, ಬಡವರ ಹತ್ತಿರ ಕೂತು ಮಾತಾಡುವ ಜಾತಿ.

“ಅಮ್ಮ, ಇದು ಟಿ.ಬಿ. ಅಲ್ಲ.”

ಸೊಣ್ಣಮ್ಮನ ಹೊಟ್ಟೆಗೆ ಹಾಲು ಹುಯ್ದಂತಾಯಿತು. “ಅಂಟಲ್ವಾ ಸ್ವಾಮಿ? ಕೂಸನ್ನ ಎತ್ಕೋಬೋದಾ?”

“ಧಾರಾಳವಾಗಿ ಎತ್ಕೊಳ್ಳಿ. ಒಬ್ಬರಿಂದ ಒಬ್ಬರಿಗೆ ಬರೋ ಕಾಯಿಲೆ ಅಲ್ಲ.” ಡಾಕ್ಟರು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. “ಆದರೆ ಟಿ.ಬಿ.ಗಾದರೆ ಔಷಧಿ ಇದೆ. ಇದಕ್ಕಿಲ್ಲ. ಶ್ವಾಸಕೋಶದ ಸುತ್ತ ತೆಳ್ಳಗೆ ಒಂದು ಪೊರೆ ಇರುತ್ತೆ. ಆ ಪೊರೆಗೆ ಕ್ಯಾನ್ಸರ್ ಆಗಿದೆ. ಮೀಸೋಥೀಲಿಯೋಮಾ ಅಂತಾರೆ.”

“ಕೂಸಿನ ಮೇಲೆ ಇರ್ತದಲ್ಲ, ಅಂಥ ಪೊರೆನಾ?”

“ಹೆಚ್ಚು ಕಮ್ಮಿ ಅಷ್ಟೇ ತೆಳ್ಳಗೆ. ನಿಮ್ಮದು ದಪ್ಪ ಆಗಿ ಗಂಟುಗಟ್ಟಿದೆ. ಅದಕ್ಕೇ ಉಸಿರಾಡೋಕೆ ಜಾಗ ಇಲ್ಲ.”

ಸೂಲಗಿತ್ತಿಗೆ ಪೊರೆಯ ಸಂಗತಿ ಬಿಡಿಸಿ ಹೇಳಬೇಕೆ? ಅರ್ಥವಾಯಿತು. “ಎಷ್ಟು ದಿನ?” ಎಂದಳು. “ಕೆಲವು ತಿಂಗಳು” ಎಂದರು. ಬಚ್ಚಿಡದೆ ಹೇಳಿದ್ದಕ್ಕೆ ಅವಳಿಗೆ ಆ ಡಾಕ್ಟರ ಮೇಲೆ ಗೌರವವೇ ಬಂತು.

ಆಮೇಲೆ ಅವರು ಕಲ್ನಾರಿನ ಕೆಲಸ ಎಲ್ಲಾದರೂ ಮಾಡಿದ್ದಿರಾ ಎಂದು ಕೇಳಿದರು. ನಾನೆಲ್ಲಿ ಮಾಡಲಿ, ನನ್ನ ಯಜಮಾನರು ಮಾಡುತ್ತಿದ್ದರು ಎಂದು ಸೊಣ್ಣಮ್ಮ ಮಿಲ್ಲಿನ ವಿಷಯ, ಶನಿವಾರದ ಅಂಗಿಗಳ ವಿಷಯ ಹೇಳಿದಳು. ಡಾಕ್ಟರು ತಲೆದೂಗುತ್ತ ಬರೆದುಕೊಂಡರು. ಆ ನಾರು ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು. ಉಸಿರಿನ ಜೊತೆ ಒಳಗೆ ಹೋಗಿ ಪೊರೆಗೆ ಚುಚ್ಚಿಕೊಂಡು ಕೂತರೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕಾದರೂ ಸುಮ್ಮನೆ ಕೂರುತ್ತದೆ, ಆಮೇಲೆ ಗಂಟಾಗುತ್ತದೆ. ಕೆಲಸ ಮಾಡಿದವರ ಹೆಂಡತಿಯರಿಗೂ ಹೀಗೆ ಬಂದದ್ದನ್ನು ಬೇರೆ ದೇಶಗಳ ಡಾಕ್ಟರುಗಳು ಬರೆದಿದ್ದಾರೆ ಎಂದರು. ಮಾತಿನ ಹುರುಪಿನಲ್ಲಿ ಸೊಣ್ಣಮ್ಮ, ಒಂದಿಷ್ಟು ಹೆಮ್ಮೆಯಿಂದಲೇ, ಸುಡದ ಬಟ್ಟೆಯ ಕಥೆಯನ್ನೂ ಹೇಳಿದಳು.

ಡಾಕ್ಟರ ಪೆನ್ನು ನಿಂತಿತು. “ಅದು ಈಗೆಲ್ಲಿದೆ?”

ಸೊಣ್ಣಮ್ಮನಿಗೆ ಪ್ರಶ್ನೆಯಲ್ಲೇ ಉತ್ತರ ತಿಳಿದುಹೋಗಿತ್ತು. “ಅದೂ ಅದೇ ನಾರಾ ಸ್ವಾಮಿ? ಅಯ್ಯೋ ನನ್ನ ಕೈ ಸೇದಿಹೋಗ! ಎಷ್ಟು ಕೂಸುಗಳು ಸ್ವಾಮಿ, ಎಷ್ಟು ಕೂಸುಗಳು!”

ಎಲ್ಲರಿಗೂ ಬರುವುದಿಲ್ಲ, ಹತ್ತು ದಿನ ಮಲಗಿದವರಲ್ಲಿ ಬಹುಮಂದಿಗೆ ಏನೂ ಆಗದಿರಬಹುದು ಎಂದು ಡಾಕ್ಟರು ಸಮಾಧಾನ ಹೇಳಿದರು. ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಮೊದಲೇ ತಿಳಿಯುತ್ತಾ ಎಂದು ಅವಳು ಕೇಳಿದ್ದಕ್ಕೆ ಇಲ್ಲ ಎಂದರು. ಇನ್ನು ಆ ಬಟ್ಟೆಯನ್ನು ಕೊಡವಬೇಡಿ, ನೆನೆಸಿ ಸುತ್ತಿ ಆಳವಾಗಿ ಹೂಳಿ ಎಂದರು. ಟಿ.ಬಿ. ಅಲ್ಲವೆಂದು ಚೀಟಿಯನ್ನೂ ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ಅಕ್ಕ ತಮ್ಮ ತುಮಕೂರು ರಸ್ತೆಯ ಬಸ್ಸು ಹತ್ತಿದರು. ನೆಲಮಂಗಲ ದಾಟುವಷ್ಟರಲ್ಲಿ ಸೊಣ್ಣಮ್ಮ ಎಲ್ಲವನ್ನೂ ಅವನಿಗೆ ಹೇಳಿದ್ದಳು. “ತಂದು ಸುಟ್ಟುಬುಡಣ ಅಕ್ಕ” ಎಂದ ಚಿಕ್ಕವೆಂಕಟಪ್ಪ. ಅವಳು ಅವನ ಮುಖ ನೋಡಿದಳು. ಏನು ಅಂದೆ ಎಂದು ಅವನಿಗೇ ಆಮೇಲೆ ಹೊಳೆಯಿತು.

ಮುನಿರತ್ನಮ್ಮನ ಮನೆ ತಲುಪಿದಾಗ ಹೆರಿಗೆಯಾಗಿ ಮೂರು ದಿನವಾಗಿತ್ತು. ಒಳಗೆ ಮಗು ಅಳುತ್ತಿತ್ತು. ಅಳುವಿನಲ್ಲೇ ಸೊಣ್ಣಮ್ಮನಿಗೆ ಗೊತ್ತಾಯಿತು, ಗಟ್ಟಿ ಕೂಸು. ಬಾಣಂತಿ ಕೋಣೆಯಿಂದ ಓಮದ ಹೊಗೆ ಬರುತ್ತಿತ್ತು. ಅಕ್ಕಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಅಲ್ಲೇ ನಿಂತ್ಕಳಿ ಬೀಗಿತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಳಕ್ಕೆ ಬರಬ್ಯಾಡಿ. ಎಂಟು ವರ್ಷಕ್ಕೆ ಕಣ್ಣು ಬಿಟ್ಟಿರೋ ಕೂಸು.”

“ಟಿ.ಬಿ. ಅಲ್ಲ ಅಕ್ಕಯಮ್ಮ. ಡಾಕ್ಟ್ರು ಚೀಟಿ ಕೊಟ್ಟವ್ರೆ.”

ಚೀಟಿ ಇಂಗ್ಲಿಷಿನಲ್ಲಿತ್ತು. ಅಕ್ಕಯಮ್ಮ ಅದನ್ನು ದೂರದಿಂದಲೇ ನೋಡಿ, “ಯಾವ ತಾಯಿ ತಾನೇ ನನಗೆ ಟಿ.ಬಿ. ಅಂತಾಳೆ” ಎಂದಳು. ಚೀಟಿ ಓದಬಲ್ಲ ಅವಳ ಮಗ ಕೆಲಸದಿಂದ ಸಂಜೆಗೆ ಬರಬೇಕು. ಹೋಗಲಿ, ಆ ಬಟ್ಟೆ ಕೊಡಿ ಎಂದು ಸೊಣ್ಣಮ್ಮ ಬೇಡಿದಳು. ಅದರ ಧೂಳು ಕೆಟ್ಟದ್ದು ಎಂದಳು. “ಇಪ್ಪತ್ತಾರು ವರ್ಷ ಊರಿಗೆಲ್ಲ ಹಾಸಿದಾಗ ಇಲ್ದಿದ್ದ ಕೆಟ್ಟದ್ದು ಇವತ್ತು ಬಂತಾ? ಮನೆಯೊಳಕ್ಕೆ ಬಿಡ್ಲಿಲ್ಲ ಅಂತ ಕೊಟ್ಟಿದ್ದನ್ನ ಕಿತ್ಕೋತೀರಾ?” ಎಂದಳು ಅಕ್ಕಯಮ್ಮ. ಒಳಗಿಂದ ಮುನಿರತ್ನಮ್ಮ ಅಳುತ್ತ ಕೂಗಿದಳು, “ಹೋಗ್ಲಿ ಬುಡಮ್ಮ, ನೀನು ಹಾಸಿದಂಗೇ ಹಾಸವ್ರೆ, ಬೆಚ್ಚಗೈತೆ.”

ಸಂಜೆವರೆಗೆ ಜಗುಲಿಯಲ್ಲಿ ಕಾದರೆ ಚೀಟಿ ಓದಿಸಬಹುದು. ಟಿ.ಬಿ. ಇಲ್ಲ ಎಂದಾಗುತ್ತದೆ, ಕೂಸು ಮಡಿಲಿಗೆ ಬರುತ್ತದೆ. ಆದರೆ ಆಗ ಮತ್ತೆ ಯಾವ ಕಾಯಿಲೆ, ಹೇಗೆ ಬಂತು ಎಂದು ಕೇಳುತ್ತಾರೆ, ಬಟ್ಟೆಯ ಸಂಗತಿಯೂ ಹೊರಗೆ ಬೀಳುತ್ತದೆ. ಆ ಬಟ್ಟೆಯ ಮೇಲೆ ಹುಟ್ಟಿ ಬೆಳೆದವಳು ಅಗೋ ಒಳಗೆ ಮಲಗಿದ್ದಾಳೆ. ಇನ್ನು ಮೂವತ್ತು ವರ್ಷ ಅವಳು ಒಂದೊಂದು ಕೆಮ್ಮಿಗೂ ಸಾಯಬೇಕು. ಸೊಣ್ಣಮ್ಮ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

“ಸರಿ, ಕೇಳಿಸ್ಕಳಿ. ನನಗೆ ಟಿ.ಬಿ.ನೇ. ಚೀಟಿ ಸುಳ್ಳು. ಆ ಬಟ್ಟೆ ಬೆಂಕೀಲಿ ತೆಗ್ದ ಮೇಲೂ ನಾನು ಹೊದ್ಕೊಂಡು ಕೆಮ್ಮಿದ ಬಟ್ಟೆ. ನನ್ನ ಟಿ.ಬಿ. ಎಲ್ಲಾ ಅದರಲ್ಲೇ ಕೂತೈತೆ. ಈಗ ಕೊಡ್ತೀರೋ ಇಲ್ವೋ?”

ಅಕ್ಕಯಮ್ಮ ಎದೆ ಎದೆ ಬಡಿದುಕೊಂಡಳು. ಬೈಗುಳ ಯಾವುದನ್ನೂ ಉಳಿಸಲಿಲ್ಲ. ಸೊಣ್ಣಮ್ಮ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, “ಕೊಡವಬ್ಯಾಡಿ, ಮೊದಲು ಕೂಸನ್ನ ಆಚೆ ತಂದು, ಆಮೇಲೆ ಬಟ್ಟೆ ಮೇಲೆ ಎರಡು ಕೊಡ ನೀರು ಹುಯ್ಯಿರಿ” ಎಂದಷ್ಟೇ ಹೇಳಿದಳು. ನೀರು ಸೋರುವ ಬಟ್ಟೆಯನ್ನು ಕೋಲಿನಲ್ಲಿ ಎತ್ತಿ ಬೀದಿಗೆ ಎಸೆದರು. ಚಿಕ್ಕವೆಂಕಟಪ್ಪ ಗೋಣಿಯಲ್ಲಿ ಸುತ್ತಿಕೊಂಡ. ಮಗು ಅವನ ಕಣ್ಣಿಗೂ ಬೀಳಲಿಲ್ಲ.

ಗೌರಿಹಬ್ಬದ ಹೊತ್ತಿಗೆ ಸೊಣ್ಣಮ್ಮ ಕೂತೇ ನಿದ್ದೆ ಮಾಡುವ ಸ್ಥಿತಿಗೆ ಬಂದಿದ್ದಳು. ಮುನಿರತ್ನಮ್ಮ ಒಬ್ಬಳೇ ಬಂದಳು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು. ಬಾಗಿಲಲ್ಲೇ ನಿಂತು, ಸೆರಗನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು:

“ಅಮ್ಮಾ, ನಾನು ಹುಟ್ಟಿದಾಗ್ಲೂ ಅದರ ಮೇಲೇ ಮಲಗಿಸ್ಕೊಂಡಿದ್ದೆ ಅಂತಿದ್ದೆಯಲ್ಲ. ನಂಗೂ ಬರುತ್ತಾ?”

ಮೂಲೆಯಲ್ಲಿದ್ದ ಚಿಕ್ಕವೆಂಕಟಪ್ಪ ತಲೆಯೆತ್ತಿ ಅಕ್ಕನನ್ನು ನೋಡಿದ. ಸೊಣ್ಣಮ್ಮ ಗೋಡೆಗೊರಗಿ, ಸಿಕ್ಕಷ್ಟು ಗಾಳಿ ಎಳೆದುಕೊಂಡಳು.

“ಹುಚ್ಚಿ. ಆಗ ನನಗೆ ಟಿ.ಬಿ. ಎಲ್ಲಿತ್ತು?”

ಮುನಿರತ್ನಮ್ಮನ ಮುಖ ತಿಳಿಯಾಯಿತು. ಅಮ್ಮ ಸುಳ್ಳು ಹೇಳುವವಳಲ್ಲ.

ಒಂಬತ್ತು ದಿನಕ್ಕೆ ಸೊಣ್ಣಮ್ಮ ಹೋದಳು. ಅವಳು ಹೇಳಿದ್ದಂತೆ ಚಿಕ್ಕವೆಂಕಟಪ್ಪ ಗುಂಡಿಯನ್ನು ಒಂದಾಳು ಹೆಚ್ಚೇ ತೋಡಿಸಿ, ನೆನೆಸಿದ ಗೋಣಿಯ ಗಂಟನ್ನು ತಳದಲ್ಲಿಟ್ಟು, ಅದರ ಮೇಲೆ ಮಣ್ಣು ಮುಚ್ಚಿ, ಆಮೇಲೆ ಅವಳನ್ನು ಇಳಿಸಿದ. ಮಣ್ಣಾಗಿ ಮುಗಿದ ಮೇಲೆ ಮುನಿರತ್ನಮ್ಮ ಬಸ್ಸು ಹತ್ತಿ ಊರಿಗೆ ಹೋದಳು. ಹಿತ್ತಲಲ್ಲಿ ಎರಡು ಸಲ ತಲೆಗೆ ನೀರು ಹಾಕಿಕೊಂಡು, ಉಟ್ಟಿದ್ದ ಸೀರೆಯನ್ನು ಅಲ್ಲೇ ಬಿಟ್ಟು, ಬೇರೆ ಉಟ್ಟುಕೊಂಡು ಬಂದು ಮಗುವನ್ನು ಎತ್ತಿಕೊಂಡಳು.