ಅಣಬೆಯಲ್ಲಿ ಗುಣವಿದೆ

ಪಂಡಿತ ಎನ್ನುವುದು ಅವನ ಹೆಸರಲ್ಲ, ಅವನಿಗೆ ಅಂಟಿಕೊಂಡಿದ್ದ ಕಾಯಿಲೆ. ಎಲ್ಲಾದರೂ ಕಾಗುಣಿತ ತಪ್ಪಿದ್ದು ಕಂಡರೆ ಅವನ ಮೈಯೆಲ್ಲ ಉರಿಯುತ್ತಿತ್ತು. ಹಲ್ಲು ಕೀಳಿಸಿಕೊಳ್ಳಲು ಹೋದವನು, ಬಾಯಿ ಅಗಲಿಸಿಕೊಂಡೇ, ಗೋಡೆಯ ಮೇಲಿನ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದು ದಂತವೈದ್ಯರಿಗೆ ಕೈಸನ್ನೆ ಮಾಡಿ ತೋರಿಸಿದ್ದ. ವೈದ್ಯರು ತಲೆಕೆಟ್ಟು ಪಕ್ಕದ ಹಲ್ಲು ಕಿತ್ತರು. "ಕಿತ್ತಿದ್ದು ತಪ್ಪೇ, ನಾಲಿಗೆ ಕೀಳಬೇಕಿತ್ತು" ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಈ ಕಾಯಿಲೆಗೆ ಅನ್ನ ಹಾಕಿದ್ದು ಒಂದು ಪತ್ರಿಕೆ. ಅಲ್ಲಿ ಅವನು ಕರಡು ತಿದ್ದುತ್ತಿದ್ದ. ಪತ್ರಿಕೆ ಮುಚ್ಚಿದ ಮೇಲೆ, ಊರಾಚೆ ತಗಡಿನ ಶೆಡ್ಡುಗಳ ಸಾಲಿನಲ್ಲಿದ್ದ, ಗಿಡಮೂಲಿಕೆ ಮತ್ತು ಅಣಬೆ ಪುಡಿ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಪ್ಯಾಕೆಟ್ಟಿನ ಮೇಲೆ ಅಚ್ಚಾಗುವ ಪ್ರತಿ ಅಕ್ಷರಕ್ಕೂ ಅವನೇ ಹೊಣೆ. ಬಾಗಿಲ ಮೇಲೆ 'ಬರಹ ವಿಭಾಗ' ಎಂದು ತಾನೇ ಚೀಟಿ ಅಂಟಿಸಿಕೊಂಡ. ವಿಭಾಗದಲ್ಲಿ ಇದ್ದದ್ದು ಒಂದು ಮೇಜು, ಕಾಲು ಕುಂಟುವ ಕುರ್ಚಿ ಮತ್ತು ಅವನು.

ಇಷ್ಟು ಅಕ್ಷರ ಅವನ ತಲೆಗೆ ತುಂಬಿಸಿದ್ದು ಅಕ್ಕ. ತಾಯಿ ಹೋದಾಗ ಇವನಿನ್ನೂ ಚಡ್ಡಿ ಹಾಕುತ್ತಿದ್ದ. ಅಕ್ಕ ಶಾಲೆ ಬಿಟ್ಟು ಇಸ್ತ್ರಿ ಅಂಗಡಿಯಲ್ಲಿ ನಿಂತವಳು, ಕೊನೆಗೆ ಆ ಅಂಗಡಿಯನ್ನೇ ವಹಿಸಿಕೊಂಡಳು. ಊರಿನ ಅರ್ಧ ಜನರ ಅಂಗಿ ನೆಟ್ಟಗೆ ಮಾಡಿ ತಮ್ಮನನ್ನು ಓದಿಸಿದಳು. ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು. ಆದರೆ ತಮ್ಮ ಬರೆದದ್ದು ಎಂದರೆ ಸೀಗೆಪುಡಿಯ ಪೊಟ್ಟಣವನ್ನೂ ಬಿಡುತ್ತಿರಲಿಲ್ಲ. ಅವಳಿಗೆ ಹತ್ತಾರು ವರ್ಷದಿಂದ ಸಕ್ಕರೆ ಕಾಯಿಲೆ. ದಿನವೂ ಮಾತ್ರೆ.

ಕಾರ್ಖಾನೆಯ ಹೊಸ ಅಣಬೆ ಪುಡಿಗೆ ಬರಹ ಬೇಕೆಂದಾಗ ಪಂಡಿತ ಪ್ರಯೋಗಾಲಯಕ್ಕೆ ಹೋದ. ಅಲ್ಲಿನ ಕೆಮಿಸ್ಟ್ ಮೇಡಂ ಸದಾ ನೆಗಡಿಯಲ್ಲಿ ಮೂಗೊರೆಸಿಕೊಳ್ಳುವ ಹೆಂಗಸು. ಅವರು ವಿವರಿಸಿದ್ದು ಹೀಗೆ. ಅಣಬೆಯನ್ನೋ ಬೇರನ್ನೋ ಬಿಸಿನೀರಿನಲ್ಲಿ ಚೆನ್ನಾಗಿ ಕುದಿಸಿ, ಸೋಸಿ, ಆ ನೀರನ್ನು ಇಂಗಿಸಿ, ಮೇಲೆ ಆಲ್ಕೋಹಾಲ್ ಸುರಿದರೆ ಬೆಳ್ಳನೆಯ ಲೋಳೆ ಎಳೆ ಎಳೆಯಾಗಿ ತಳಕ್ಕೆ ಇಳಿಯುತ್ತದೆ. ಅದೇ ಪಾಲಿಸ್ಯಾಕರೈಡ್. ಸಕ್ಕರೆಯ ಕಣಗಳೇ ಸರಪಳಿಯಾಗಿ ಹೆಣೆದುಕೊಂಡದ್ದು, ಆದರೆ ನಾಲಿಗೆಗೆ ಸಿಹಿಯಿಲ್ಲ. ಮೇಡಂ ಗಾಜಿನ ನಳಿಕೆಯಲ್ಲಿದ್ದ ನೇರಳೆ ದ್ರಾವಣಕ್ಕೆ ಆ ಲೋಳೆಯ ನೀರು ಬೆರೆಸಿದರು. ಸ್ವಲ್ಪ ಹೊತ್ತಿಗೆ ನೇರಳೆ ಮಾಸಿ ಹಳದಿಗೆ ತಿರುಗಿತು.

"ಇದೇ ಆಂಟಿಆಕ್ಸಿಡೆಂಟ್ ಕೆಲಸ. ಜೀವಕೋಶ ಕೆಡಿಸೋ ಪುಂಡು ಕಣಗಳನ್ನ ಹೀಗೇ ಸುಮ್ಮನಾಗಿಸುತ್ತೆ."

"ಹಾಗಾದ್ರೆ ಕಾಯಿಲೆ ಹೋಗುತ್ತಾ ಮೇಡಂ?"

"ನಳಿಕೇಲಿ ಬಣ್ಣ ಹೋಗುತ್ತೆ. ಇಲಿಗಳಲ್ಲಿ ಸಕ್ಕರೆ ಅಷ್ಟಿಷ್ಟು ಇಳಿದಿದೆ ಅಂತಾರೆ. ಮನುಷ್ಯರ ವಿಷಯ ಇನ್ನೂ ಗಟ್ಟಿಯಾಗಿ ಗೊತ್ತಿಲ್ಲ. ಮಾತ್ರೆ ಬದಲಿಗೆ ತಗೊಳ್ಳೋ ವಸ್ತುವಂತೂ ಅಲ್ಲ."

ಪಂಡಿತನ ಕಿವಿಗೆ ಇದೆಲ್ಲ ಬಿತ್ತು, ತಲೆಗೆ ಹೋದದ್ದು ಎರಡೇ ಪದ. ಎರಡಕ್ಕೂ ಅಚ್ಚ ಶುದ್ಧ ರೂಪ ಕೊಡದೆ ಬಿಟ್ಟರೆ ಅವನು ಪಂಡಿತ ಹೇಗಾದಾನು? ನಿಘಂಟುಗಳನ್ನು ಜಾಲಾಡಿ, ಮೊದಲ ಪ್ಯಾಕೆಟ್ಟಿನ ಮೇಲೆ ಹೀಗೆ ಅಚ್ಚು ಹಾಕಿಸಿದ: 'ಬಹುಶರ್ಕರಯುಕ್ತ, ಉತ್ಕರ್ಷಣ ನಿರೋಧಕ ಅಣಬೆ ಪುಡಿ'. ಒಂದು ಅಕ್ಷರವೂ ತಪ್ಪಿರಲಿಲ್ಲ. ಜನ ಓದಿಕೊಂಡದ್ದು, ಇದರಲ್ಲಿ ಬೇಕಾದಷ್ಟು ಸಕ್ಕರೆ ಇದೆ, ತಿಂದರೆ ಮನೆಯ ಏಳಿಗೆ ನಿಲ್ಲುತ್ತದೆ ಎಂದು. ಅಂಗಡಿಯವರು ಪೆಟ್ಟಿಗೆ ಪೆಟ್ಟಿಗೆಯೇ ವಾಪಸ್ಸು ಕಳಿಸಿದರು. ಅಕ್ಕನೂ ಪ್ಯಾಕೆಟ್ಟು ಹಿಂದಿರುಗಿಸಿ, "ಬಹು ಸಕ್ಕರೆ ಅಂತ ನೀನೇ ಬರ್ದಿದೀಯಲ್ಲೋ, ನನ್ನ ಸಾಯಿಸ್ಬೇಕು ಅಂತಿದೀಯಾ?" ಎಂದಳು.

ಯಜಮಾನರು ಅವನನ್ನು ಕರೆಸಿದರು. ಪಕ್ಕದಲ್ಲಿ ಕಂಪನಿಯ ವಕೀಲರು ಕೂತಿದ್ದರು.

"ಏಳಿಗೆ ತಡೆಯೋ ಪುಡಿ ಮಾರೋಕೆ ನಿಮ್ಮನ್ನ ಇಟ್ಕೊಂಡಿದೀನಾ ಪಂಡಿತರೇ? ಸಕ್ಕರೆ ಕಾಯಿಲೆ ವಾಸಿ ಆಗುತ್ತೆ ಅಂತ ನೇರವಾಗಿ ಬರೀರಿ."

"ಹಾಗೆ ಬರೆದ್ರೆ ಕೇಸು ಬೀಳುತ್ತೆ" ಎಂದರು ವಕೀಲರು.

ಬರೆಯಲೂಬೇಕು, ಬರೆದಂತೆ ಇರಲೂಬಾರದು. ಪಂಡಿತ ಬರಹ ವಿಭಾಗದ ಬಾಗಿಲು ಹಾಕಿಕೊಂಡು ಕೂತ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಆ ಪದ ಹೊಳೆಯಿತು. ಗುಣ. ಹೂವಿಗೆ ಬಣ್ಣದ ಗುಣ, ಬೆಂಕಿಗೆ ಸುಡುವ ಗುಣ. ಅದೇ ಗುಣ ರೋಗಿಯ ಪಕ್ಕ ನಿಂತರೆ ರೋಗವೇ ವಾಸಿಯಾದಂತೆ. ಕೇಳುವವನ ಆಸೆ ಎಷ್ಟಿದೆಯೋ ಅಷ್ಟು ಉಬ್ಬುವ ಪದ. 'ಅಣಬೆಯಲ್ಲಿ ಗುಣವಿದೆ. ಸಕ್ಕರೆ ಕಾಯಿಲೆಯವರಿಗೂ ಗುಣವಿದೆ.'

"ಗುಣ ಅಂದ್ರೆ ಸ್ವಭಾವ, ಲಕ್ಷಣ ಅಂತ ಸಾರ್. ವಾಸಿ ಅಂತ ನಾನೆಲ್ಲಿ ಬರೆದಿದೀನಿ? ನಿಘಂಟು ತೆಗೆದು ನೋಡಿ" ಎಂದು ವಕೀಲರಿಗೇ ಪಾಠ ಮಾಡಿದ. ವಕೀಲರು ನಕ್ಕು ಸಹಿ ಹಾಕಿದರು. ಪುಡಿ ಬಿಸಿ ದೋಸೆಯಂತೆ ಖರ್ಚಾಯಿತು. ಯಜಮಾನರು ಬರಹ ವಿಭಾಗಕ್ಕೆ ತಿರುಗುವ ಕುರ್ಚಿ ಹಾಕಿಸಿದರು. ಪಂಡಿತ ಅದರಲ್ಲಿ ಕೂತು, ಯಾರೂ ಇಲ್ಲದಾಗ ಒಂದು ಸುತ್ತು ಸುತ್ತಿಕೊಳ್ಳುತ್ತಿದ್ದ. ಅದಾದ ಮೇಲೆ ಮನೆಯಲ್ಲೂ ಅವನ ಮಾತಿಗೆ ಗತ್ತು ಬಂತು, ಹೆಂಡತಿ ತಟ್ಟೆ ಕುಕ್ಕುವ ಸದ್ದೂ ಜೋರಾಯಿತು.

ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅಕ್ಕನ ಮನೆಗೆ ಹೋದ. ಬಾಗಿಲು ತೆಗೆದವಳು ಕುಂಟುತ್ತಿದ್ದಳು.

"ಏನಾಯ್ತೇ ಅಕ್ಕ ಕಾಲಿಗೆ?"

"ಚಪ್ಪಲಿ ಕಚ್ಚಿದ್ದು ಕಣೋ, ಬಿಡು."

ಕೋಣೆಯಲ್ಲಿ ಏನೋ ಕೊಳೆತ ವಾಸನೆ. ಅವಳು ಬೇಡ ಬೇಡವೆಂದರೂ ಕಾಲಿನ ಬಟ್ಟೆ ಬಿಚ್ಚಿ ನೋಡಿದ. ಕಿರುಬೆರಳು ಕಪ್ಪಗಾಗಿತ್ತು.

"ಮಾತ್ರೆ ತಗೋತಿದೀಯ ತಾನೇ?"

ಅಕ್ಕ ಮುಸಿಮುಸಿ ನಕ್ಕಳು. ಇಷ್ಟು ದಿನ ಬಚ್ಚಿಟ್ಟ ಸಂತೋಷವನ್ನು ಹೊರಗೆ ತೆಗೆಯುವ ನಗು ಅದು. ಅಡುಗೆಮನೆಯ ಕಪಾಟಿನಿಂದ ಒಂದು ಪ್ಯಾಕೆಟ್ಟು ತಂದು ಅವನ ಮುಂದಿಟ್ಟಳು. "ಮಾತ್ರೆ ಯಾವತ್ತೋ ಬಿಟ್ಟೆ. ನಿನಗೆ ಹೇಳಿದ್ರೆ ಪುಕ್ಕಟೆ ತಂದುಕೊಟ್ಟುಬಿಡ್ತೀಯ ಅಂತ ಅಂಗಡೀಲೇ ತಗೋತೀನಿ. ನೀನು ಬರ್ದಿರೋದಲ್ವಾ? ಪೂರ್ತಿ ಗುಣ ಆದ್ಮೇಲೆ ಹೇಳೋಣ ಅಂತಿದ್ದೆ."

"ಅಕ್ಕ, ಅದು ಆ ಗುಣ ಅಲ್ಲ ಕಣೇ. ಗುಣ ಅಂದ್ರೆ ಲಕ್ಷಣ. ಉಪ್ಪಿಗೆ ಉಪ್ಪಿನ ಗುಣ ಇದ್ದ ಹಾಗೆ."

"ಉಪ್ಪು ತಿಂದು ಯಾರಿಗೆ ಗುಣ ಆಗಿದೆಯೋ? ಸುಮ್ನೆ ಏನೇನೋ ಹೇಳ್ಬೇಡ. ನೀನು ಚಿಕ್ಕೋನಿಂದಲೂ ಹೀಗೇ, ಒಳ್ಳೇದು ಮಾಡ್ಬಿಟ್ಟು ನಾಚ್ಕೋತೀಯ."

ವ್ಯಾಕರಣ ಹೇಳಿದ, ಕೇಳಲಿಲ್ಲ. ನಳಿಕೆ, ನೇರಳೆ, ಹಳದಿ, ಇಲಿ ಎಲ್ಲ ಹೇಳಿದ. "ಇಲಿಗೆ ಕೆಲಸ ಮಾಡಿದ್ದು ನನಗೆ ಯಾಕೆ ಮಾಡಲ್ಲ?" ಎಂದಳು. ಆಸ್ಪತ್ರೆಗೆ ಹೊರಡು ಎಂದರೆ, ಇನ್ನೊಂದು ಪ್ಯಾಕೆಟ್ಟು ಮುಗಿಯಲಿ ಎಂದಳು. ವಕೀಲರನ್ನು ಎರಡು ಮಾತಿನಲ್ಲಿ ಮಣಿಸಿದವನಿಗೆ ಇಸ್ತ್ರಿ ಅಂಗಡಿಯ ಅಕ್ಕನ ಮುಂದೆ ಯಾವ ಪದವೂ ಕೈಹಿಡಿಯಲಿಲ್ಲ. ಹೇಳಲು ಉಳಿದದ್ದು ನಿಜ ಮಾತ್ರ. ಹೇಳಲು ನಾಚಿಕೆಯಾಯಿತು, ಕಪ್ಪಗಾದ ಬೆರಳು ನೋಡಿ ಹೇಳಿದ.

"ಪ್ಯಾಕೆಟ್ಟು ಓದಿದೋರು ಮೋಸ ಹೋಗ್ಲಿ ಅಂತಾನೇ ಆ ಪದ ಹಾಕಿದ್ದು ಅಕ್ಕ. ಬೇಕು ಅಂತ್ಲೇ ಬರೆದೆ. ನನಗೆ ಗೊತ್ತಿತ್ತು."

ಅಕ್ಕ ಪ್ಯಾಕೆಟ್ಟನ್ನು ಆಚೆ ಸರಿಸಿದಳು. ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಟ್ಯಾಕ್ಸಿ ಕರಿ" ಎಂದಳು.

ಬೆರಳು ತೆಗೆಯಬೇಕಾಯಿತು. ಪಾದ ಉಳಿಯಿತು, ಇನ್ನೂ ತಡ ಮಾಡಿದ್ದರೆ ಅದೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮರುದಿನ ಪಂಡಿತ ಯಜಮಾನರ ಮುಂದೆ ನಿಂತು ಪದ ಬದಲಾಯಿಸಬೇಕು ಎಂದ. ಅವರು ಕನ್ನಡಕ ತೆಗೆದು, "ಸುಳ್ಳು ಎಲ್ಲಿದೆ ಪಂಡಿತರೇ? ಗುಣ ಅಂದ್ರೆ ಸ್ವಭಾವ ಅಂತ ನೀವೇ ಹೇಳಿದ್ರಲ್ಲ" ಎಂದರು. ಅವನ ಪಾಠವನ್ನು ಅವನಿಗಿಂತ ಚೆನ್ನಾಗಿ ಕಲಿತಿದ್ದರು. ಪಂಡಿತ ಕೆಲಸ ಬಿಟ್ಟು ಬಂದ. ಬಿಟ್ಟಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಪುಡಿ ಮಾರಾಟವಾಗುತ್ತಲೇ ಇತ್ತು.

ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಸೊಪ್ಪಗೆ ಮಲಗಿದ್ದಳು. ಕೆಲಸ ಬಿಟ್ಟೆ ಎಂದು ಹೇಳಿದಾಗ ಅವಳಿಗೆ ಅದು ದೊಡ್ಡದಾಗಿ ಕಾಣಲಿಲ್ಲ.

"ನನಗೇನೋ ತಮ್ಮ ಇದ್ದ, ಬಂದು ನಿಜ ಹೇಳ್ದ. ಅಂಗಡಿಗೆ ಬರೋರಿಗೆಲ್ಲ ನಾನೇ ಹೇಳಿದೀನಿ ಕಣೋ, ನನ್ನ ತಮ್ಮ ಬರ್ದಿದ್ದು, ಕಣ್ಣು ಮುಚ್ಕೊಂಡು ತಗೊಳ್ಳಿ ಅಂತ. ಅವರಿಗೆ ಯಾರು ಹೇಳ್ತಾರೆ?"

ದಿಂಬಿನ ಕೆಳಗಿಂದ ಅಂಗಡಿಯ ಬೀಗದ ಕೈ ತೆಗೆದುಕೊಟ್ಟಳು.

ಬೆಳಗ್ಗೆ ಅವನು ಅಂಗಡಿಯ ಬಾಗಿಲೆತ್ತಿ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟ. ಮೊದಲು ಬಂದವನು ನಿವೃತ್ತ ಬಸ್ ಡ್ರೈವರ್, ತೋಳಲ್ಲಿ ಒಂದು ಹೊರೆ ಅಂಗಿ. ಅವನಿಗೂ ಸಕ್ಕರೆ ಕಾಯಿಲೆ ಎಂದು ಅಕ್ಕ ಹೇಳಿದ್ದಳು.

"ಅಕ್ಕಾವ್ರು ಎಲ್ಲಿ?"

"ಆಸ್ಪತ್ರೇಲಿ. ಸಕ್ಕರೆ ಜಾಸ್ತಿಯಾಗಿ ಬೆರಳು ತೆಗೆದರು. ನೀವು ನಿಮ್ಮ ಮಾತ್ರೆ ತಗೋತಿದೀರಾ?"

"ಪುಡಿ ಇರುವಾಗ ಮಾತ್ರೆ ಯಾಕೆ ಸ್ವಾಮಿ?"

"ಆ ಪುಡಿಯಿಂದ ಏನೂ ವಾಸಿ ಆಗಲ್ಲ. ಇವತ್ತೇ ಡಾಕ್ಟರ ಹತ್ರ ಹೋಗಿ."

ಡ್ರೈವರಿಗೆ ಸಿಟ್ಟು ಬಂತು. "ಮತ್ತೆ ಹಾಗೆ ಬರೆದಿದ್ದ ಅಕ್ಕಾವ್ರ ತಮ್ಮ, ಆ ಬೇವರ್ಸಿ ಯಾರು?"

"ನಾನೇ" ಎಂದ ಪಂಡಿತ.

ಡ್ರೈವರ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಮೇಜಿನ ಮೇಲೆ ಇಟ್ಟಿದ್ದ ಅಂಗಿಗಳನ್ನು ಒಂದೊಂದಾಗಿ ವಾಪಸ್ಸು ತೋಳಿಗೆ ಹಾಕಿಕೊಂಡು, ಆಸ್ಪತ್ರೆಯ ದಾರಿ ಹಿಡಿದ. ಪಂಡಿತ ಇಸ್ತ್ರಿಪೆಟ್ಟಿಗೆ ಆರಿಸದೆ ಮುಂದಿನವರು ಬರಲೆಂದು ನಿಂತ.