ಕಿಡ್ನಿಗಾಗಿ ಐಸು ಕುಟ್ಟುವ ದೇವಿರಮ್ಮ

ಈಗಷ್ಟೇ ಬೆಳಕು ಹರಿಯುತ್ತಿದೆ. ಮಂಡ್ಯದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಿಂದ ಧಡ್ ಧಡ್ ಸದ್ದು. ಹೊಸಬರಾದರೆ ಯಾರೋ ಗೋಡೆ ಕೆಡವುತ್ತಿದ್ದಾರೆ ಎಂದುಕೊಂಡಾರು. ಹಲಗೂರಿನ ದೇವಿರಮ್ಮ ಐಸು ಕುಟ್ಟುತ್ತಿದ್ದಾರೆ, ಅಷ್ಟೇ! ಎರಡು ಪದರದ ಶುದ್ಧ ಚೀಲದಲ್ಲಿ ಹೆಪ್ಪುಗಟ್ಟಿಸಿದ ಸಲೈನಿಗೆ ಮರದ ಕೊಡತಿಯ ಏಟು ಬೀಳುತ್ತಲೇ ಇದೆ.

"ಗಟ್ಟಿ ಇದ್ರೆ ಕಿಡ್ನಿಗೆ ಚುಚ್ತದೆ, ನೀರಾದ್ರೆ ತಂಪು ನಿಲ್ಲಕಿಲ್ಲ. ರವೆ ಅಂಗಿರ್ಬೇಕು ಕಣಪ್ಪ."

ಇಂದಿನ ಐಸು ಮದ್ದೂರು ಕಡೆಯ ಕಾಲೇಜು ಹುಡುಗಿ ಗಗನಳಿಗೆ. ಅವಳ ಒಂದು ಕಿಡ್ನಿ ಆಗಲೇ ಕೈಕೊಟ್ಟಿದೆ. ಉಳಿದೊಂದಕ್ಕೆ ರಕ್ತ ಒಯ್ಯುವ ನಾಳವೂ ಕಾಯಿಲೆಯಿಂದ ಕಿರಿದಾಗಿದೆ. ಸರ್ಜನ್ ಸಿಂಧು ಆ ಕೆಟ್ಟ ಭಾಗ ಕತ್ತರಿಸಿ, ಅವಳದೇ ಕಾಲಿನಿಂದ ತೆಗೆದ ರಕ್ತನಾಳವನ್ನು ಅಲ್ಲಿ ಹೊಲಿಯಬೇಕು. ಹೊಲಿಗೆ ಮುಗಿಯುವವರೆಗೆ ಕಿಡ್ನಿಗೆ ರಕ್ತವಿಲ್ಲ. ಅದನ್ನು ಕಾಯುವುದು ಸುತ್ತ ತುಂಬುವ ಈ ಐಸು. ಎಡವಟ್ಟಾದರೆ ಹುಡುಗಿಗೆ ಜೀವನಪೂರ್ತಿ ಡಯಾಲಿಸಿಸ್.

ದೇವಿರಮ್ಮ ಇಲ್ಲಿಗೆ ಸೇರಿದ್ದು ನೆಲ ಒರೆಸಲು. "ಮೊದ್ಲು ರಕ್ತ ಕಂಡ್ರೆ ದಬಕ್ನೆ ಬಿದ್ದೋಯ್ತಿದ್ದೆ. ನನ್ನೇ ಎತ್ಕೊಂಡೋಗಿ ಮಲುಗ್ಸೋರು!" ಎಂದು ನಗುತ್ತಾರೆ.

ಅಷ್ಟರಲ್ಲಿ ಒಳಗಿನಿಂದ ಐಸಿಗೆ ಕರೆ. ಚೀಲ ಎತ್ತಿದರೆ, ಅಯ್ಯೋ, ಹೊರಪದರದ ಮೂಲೆಯಲ್ಲಿ ಸಾಸಿವೆಯಷ್ಟು ತೂತು! ಒಳಪದರ ನೆಟ್ಟಗಿದೆ. ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗದು. ಆದರೆ ತೂತಿನಿಂದ ಕ್ರಿಮಿ ಹೊಕ್ಕಿದ್ದರೆ ಹುಡುಗಿಗೆ ನಂಜು. ದೇವಿರಮ್ಮ ಬಾಗಿಲಿಂದಲೇ ಕೂಗುತ್ತಾರೆ:

"ತಡೀರಿ ಡಾಕ್ಟ್ರಮ್ಮ! ಚೀಲ ತೂತು ಮಾಡ್ಬುಟ್ಟೆ. ಇನ್ನೊಂದು ಕುಟ್ಟೋಗಂಟ ರಕ್ತ ನಿಲ್ಲಿಸ್ಬ್ಯಾಡಿ!"

"ಕಾಯ್ತೀನಿ ದೇವಿರಮ್ಮ. ನಿಧಾನವಾಗಿ ಕುಟ್ಟಿ," ಎನ್ನುತ್ತಾರೆ ಸಿಂಧು.

ನಿಧಾನವೆಲ್ಲಿ ಬಂತು! ಫ್ರೀಜರಿನಲ್ಲಿ ಸದಾ ಇಟ್ಟಿರುವ ಇನ್ನೊಂದು ಚೀಲ ತೆಗೆದು ಕುಟ್ಟತೊಡಗುತ್ತಾರೆ. ಮತ್ತೆ ಎತ್ತಿ, ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿ ನರ್ಸಿನ ಕೈಗಿಡುತ್ತಾರೆ.

ಮಧ್ಯಾಹ್ನ ಸಿಂಧು ಹೊರಬಂದು, "ಹೊಲಿಗೆ ಚೆನ್ನಾಗಿ ಕೂತಿದೆ. ಇನ್ನು ಕಿಡ್ನಿ ಕೆಲಸ ಶುರು ಮಾಡಿ ಮೂತ್ರ ಇಳಿಯಬೇಕು," ಎನ್ನುತ್ತಾರೆ. ಸಂಜೆ ದೇವಿರಮ್ಮ ಹಲಗೂರಿಗೆ ಹೋಗುವ ಬಸ್ಸನ್ನೂ ಬಿಟ್ಟು ವಾರ್ಡಿಗೆ ಬರುತ್ತಾರೆ. ಗಗನಳ ತಾಯಿ ಚಲುವಮ್ಮ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೆಳಗೆ ತೂಗಿಬಿಟ್ಟ ಮೂತ್ರದ ಚೀಲವನ್ನೇ ನೋಡುತ್ತಿದ್ದಾರೆ. ದೇವಿರಮ್ಮನೂ ಪಕ್ಕದಲ್ಲಿ ಕೂರುತ್ತಾರೆ. ನಳಿಕೆಯಲ್ಲಿ ಒಂದು ಹನಿ ಜಾರುತ್ತದೆ. ಇನ್ನೊಂದು. ಆಮೇಲೆ ಬಿಡದೆ ಇಳಿಯತೊಡಗುತ್ತದೆ.

"ಅಕ್ಕಾ, ಬತ್ತಾ ಅದೆ ಕಣಕ್ಕ!" ಎಂದು ಚಲುವಮ್ಮ ಕೈಮುಗಿದು ಅತ್ತೇಬಿಡುತ್ತಾರೆ. ದೇವಿರಮ್ಮನಿಗೂ ತಡೆಯಲಾಗುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತಾರೆ:

"ಉಚ್ಚೆಗೆ ಕೈಮುಗಿಯೋ ದೇವ್ರುಮನೆ ಇದೊಂದೇ ಕಣವ್ವ!"